ಅಳತೆಗೆ ಸಿಗದ ದೇಹಗಳು

2008ರ ಜನವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 300 ರೋಗಿಗಳಿಗೆ ಮಾನ್ಯತೆ ಕೊಟ್ಟಿತು. ನೂರು ಮಂದಿ ವಯಸ್ಕರು, ನೂರು ಮಂದಿ ಹದಿಹರೆಯದವರು, ನೂರು ಮಕ್ಕಳು. ಎಲ್ಲರಿಗೂ ಟೈಪ್ 1 ಸಕ್ಕರೆ ಕಾಯಿಲೆ, ಎಲ್ಲರೂ ಕಂಪ್ಯೂಟರಿನೊಳಗಿನವರು. ಅಮೆರಿಕದ ವರ್ಜೀನಿಯಾ ಮತ್ತು ಇಟಲಿಯ ಪಡೋವಾ ವಿಶ್ವವಿದ್ಯಾಲಯಗಳಲ್ಲಿ ಬೋರಿಸ್ ಕೊವಾಚೆವ್, ಕ್ಲಾಡಿಯೊ ಕೊಬೆಲ್ಲಿ ಮತ್ತವರ ಸಂಗಡಿಗರು ಬರೆದ ಸಮೀಕರಣಗಳೇ ಆ ರೋಗಿಗಳ ಮೈ. ರಕ್ತದ ಸಕ್ಕರೆಯನ್ನು ತಾನೇ ಗಮನಿಸಿ ಇನ್ಸುಲಿನ್ ಬಿಡುವ ಯಂತ್ರವನ್ನು ಅಲ್ಲಿಯವರೆಗೆ ಮನುಷ್ಯರಿಗೆ ತೊಡಿಸುವ ಮೊದಲು ಪ್ರಾಣಿಗಳ ಮೇಲೆ ಪರೀಕ್ಷಿಸಬೇಕಿತ್ತು. ಅದರ ಬದಲು ಈ 300 ಮಂದಿಯ ಮೇಲೆ ಪರೀಕ್ಷಿಸಿದರೂ ಆದೀತು ಎಂದು ಸಂಸ್ಥೆ ಒಪ್ಪಿತು.

ಒಪ್ಪಿದ್ದಕ್ಕೆ ಕಾರಣವಿತ್ತು. ಊಟದ ಪಿಷ್ಟ ಹೊಟ್ಟೆಯಿಂದ ಕರುಳಿಗೆ, ಕರುಳಿನಿಂದ ರಕ್ತಕ್ಕೆ ಬರಲು ಎಷ್ಟು ಹೊತ್ತು, ಯಕೃತ್ತು ತನ್ನ ಪಾಲಿನ ಸಕ್ಕರೆಯನ್ನು ಎಷ್ಟು ಬಿಡುತ್ತದೆ, ಚರ್ಮದ ಕೆಳಗೆ ಚುಚ್ಚಿದ ಇನ್ಸುಲಿನ್ ರಕ್ತ ಸೇರಲು ಎಷ್ಟು ತಡ, ಸ್ನಾಯು ಎಷ್ಟನ್ನು ಹೀರಿಕೊಳ್ಳುತ್ತದೆ ಎಂಬ ಒಂದೊಂದು ಹೆಜ್ಜೆಗೂ ಅಲ್ಲಿ ಒಂದೊಂದು ಸಮೀಕರಣವಿದೆ. ಯಂತ್ರದ ಲೆಕ್ಕ ತಪ್ಪಿದರೆ ಕಂಪ್ಯೂಟರಿನೊಳಗಿನ ಮಗುವಿನ ಸಕ್ಕರೆ ನಡುರಾತ್ರಿ ಪಾತಾಳಕ್ಕೆ ಇಳಿಯುತ್ತದೆ. ಯಾರ ಜೀವಕ್ಕೂ ಅಪಾಯವಿಲ್ಲ. ಎಂಜಿನಿಯರ್ ಸೂತ್ರ ತಿದ್ದಿ ಮತ್ತೆ ಓಡಿಸುತ್ತಾನೆ. 2016ರಲ್ಲಿ ಇಂಥ ಮೊದಲ ಅರೆಸ್ವಯಂಚಾಲಿತ ಪಂಪಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2019ರಲ್ಲಿ ವರ್ಜೀನಿಯಾದ ತಂಡದ ಸೂತ್ರವನ್ನೇ ಬಳಸುವ ಇನ್ನೊಂದು ಬಂತು. ಇಂದು ನಿಶ್ಚಿಂತೆಯಿಂದ ಮಲಗುವ ಎಷ್ಟೋ ತಾಯಂದಿರ ನಿದ್ದೆಯ ಹಿಂದೆ ಆ ಹುಟ್ಟದ ಮಕ್ಕಳ ಪಾಲಿದೆ. ವೈದ್ಯಕೀಯ ಮಾದರಿಗಳ ಬಗ್ಗೆ ಅನುಮಾನದ ಮಾತಾಡುವ ಮುನ್ನ ಈ ಋಣವನ್ನು ಒಪ್ಪಿಕೊಳ್ಳಬೇಕು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಸಮೀಕರಣಗಳಿಗೆ ಅಂಕಿಗಳು ಎಲ್ಲಿಂದ ಬಂದವು? ತಳಪಾಯದ ಮಾದರಿ ಪ್ರಕಟವಾದದ್ದು 2007ರಲ್ಲಿ. ಸಕ್ಕರೆ ಕಾಯಿಲೆಯಿಲ್ಲದ 204 ಮಂದಿಗೆ ಅಮೆರಿಕದಲ್ಲಿ ಊಟ ಕೊಟ್ಟು, ಅವರ ಮೈಯಲ್ಲಿ ಗ್ಲೂಕೋಸಿನ ಓಡಾಟವನ್ನು ಗುರುತು ಹಚ್ಚಿದ ಅಣುಗಳಿಂದ ಹಿಂಬಾಲಿಸಿ ಪಡೆದ ಅಂಕಿಗಳು ಅವು. ಟೈಪ್ 1 ರೋಗಿಗಳಿಗೆ ಒಗ್ಗುವಂತೆ ಅವನ್ನು ಆಮೇಲೆ ಮಾರ್ಪಡಿಸಿದರು. ಅಂದರೆ ಹುಟ್ಟದ ರೋಗಿಗಳಿಗೂ ಪೂರ್ವಿಕರಿದ್ದಾರೆ. ಆ ಪೂರ್ವಿಕರಿಗೆ ಒಂದು ಊರು, ಒಂದು ಊಟ, ಒಂದು ಮೈಕಟ್ಟು ಇದೆ. ಮಾದರಿಯ ರೋಗಿ ಯಾವಾಗಲೂ ಅಳೆದ ದೇಹಗಳಿಂದಲೇ ಹುಟ್ಟುತ್ತಾನೆ. ಅಳತೆಗೆ ಸಿಗದ ದೇಹ ಅಲ್ಲಿರುವುದಿಲ್ಲ. ಹಳೆಯ ಬಗೆಯ ಮಾದರಿಯಲ್ಲಿ ಈ ಗೈರುಹಾಜರಿ ಹುಡುಕಿದರೆ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ಮಾದರಿಯಲ್ಲಿ ಅದು ಮುಚ್ಚಿಹೋಗುತ್ತದೆ. ನನ್ನ ಆತಂಕವೆಲ್ಲ ಈ ಮುಚ್ಚಿಹೋಗುವಿಕೆಯ ಬಗ್ಗೆ.

ಬೋಧನೆಗೆ ಬಳಸುವ ಬೊಂಬೆಗಳ ಚರಿತ್ರೆಯಲ್ಲೂ ಇದೇ ಕತೆಯಿದೆ. ಫ್ರಾನ್ಸಿನ ದೊರೆ ಹದಿನೈದನೇ ಲೂಯಿ 1759ರಲ್ಲಿ ಮದಾಮ್ ದು ಕುದ್ರೆ ಎಂಬ ಸೂಲಗಿತ್ತಿಗೆ ಹಳ್ಳಿಗಳ ಹೆಂಗಸರಿಗೆ ಹೆರಿಗೆ ಕಲಿಸುವ ಕೆಲಸ ಒಪ್ಪಿಸಿದಾಗ, ಆಕೆ ಬಟ್ಟೆಯಿಂದ ಹೊಲಿದ ಗರ್ಭ ಮತ್ತು ಶಿಶುವಿನ ಬೊಂಬೆಯನ್ನು ಹೊತ್ತು ಊರೂರು ತಿರುಗಿದಳು. ಇನ್ನೂರು ವರ್ಷದ ನಂತರ, 1960ರಲ್ಲಿ, ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ದಾಲ್ ಉಸಿರು ಕೊಡುವುದನ್ನೂ ಎದೆ ಒತ್ತುವುದನ್ನೂ ಕಲಿಸುವ ‘ಆ್ಯನ್’ ಬೊಂಬೆಯನ್ನು ಮಾಡಿದ. ಪ್ಯಾರಿಸಿನ ಸೇನ್ ನದಿಯಲ್ಲಿ ಸಿಕ್ಕ ಅನಾಮಿಕ ಯುವತಿಯದೆಂದು ಹೇಳಲಾಗುವ ಮುಖ ಅದರದು. ಮುಖ ಹೆಣ್ಣಿನದು, ಎದೆ ಮಾತ್ರ ಚಪ್ಪಟೆ. ಈಗಲೂ ಹಾಗೆಯೇ. 2024ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಮಾರುಕಟ್ಟೆಯ 20 ಬೊಂಬೆಗಳನ್ನು ನೋಡಿತು; ಸ್ತನವಿದ್ದದ್ದು ಒಂದಕ್ಕೆ. ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತು ಕುಸಿದವರಲ್ಲಿ ಗಂಡಸರಾದರೆ ನೂರಕ್ಕೆ 45 ಮಂದಿಗೆ, ಹೆಂಗಸರಾದರೆ 39 ಮಂದಿಗೆ ಸುತ್ತಲಿನವರ ನೆರವು ಸಿಗುತ್ತದೆ ಎಂದು 2018ರ ಅಮೆರಿಕದ ಅಧ್ಯಯನವೊಂದು ಹೇಳಿತು. ಸಂಕೋಚ, ಭಯ, ಕಾನೂನಿನ ಅಳುಕು ಎಲ್ಲ ಇದರಲ್ಲಿ ಸೇರಿವೆ, ಇಡೀ ತಪ್ಪನ್ನು ಬೊಂಬೆಯ ಮೇಲೆ ಹೊರಿಸಲಾಗದು. ಆದರೆ ಒಮ್ಮೆಯೂ ಹೆಣ್ಣಿನ ಎದೆಯ ಮೇಲೆ ಕೈಯಿಟ್ಟು ಕಲಿಯದವನ ಕೈ ಬೀದಿಯಲ್ಲಿ ಹಿಂಜರಿದರೆ ಅಚ್ಚರಿಪಡಬೇಕಿಲ್ಲ. ಬೊಂಬೆಯ ಕೊರತೆ ಕಣ್ಣಿಗೆ ಕಾಣುತ್ತದೆ, ಕಂಡದ್ದನ್ನು ತಿದ್ದಬಹುದು.

ಸಮೀಕರಣದ ಕೊರತೆಯೂ ಕಾಣುತ್ತದೆ. 1960ರಲ್ಲಿ ಡೆನಿಸ್ ನೋಬಲ್ ಎಂಬ ಯುವ ವಿಜ್ಞಾನಿ ಲಂಡನ್ನಿನಲ್ಲಿ, ಕಂಪ್ಯೂಟರ್ ಬಿಡುವಾಗಿ ಸಿಗುವ ರಾತ್ರಿಯ ಹೊತ್ತಿನಲ್ಲಿ ಕೂತು, ಹೃದಯದ ಜೀವಕೋಶವೊಂದರ ವಿದ್ಯುತ್ ಮಿಡಿತವನ್ನು ಮೊದಲ ಬಾರಿಗೆ ಲೆಕ್ಕದಲ್ಲಿ ಮೂಡಿಸಿದರು. ಆ ಮಾದರಿಯಲ್ಲಿ ಸೋಡಿಯಂ ಮತ್ತು ಪೊಟ್ಯಾಸಿಯಂ ಪ್ರವಾಹಗಳಷ್ಟೇ ಇದ್ದವು. ಹೃದಯದ ಬಡಿತಕ್ಕೆ ಅತ್ಯಗತ್ಯವಾದ ಕ್ಯಾಲ್ಸಿಯಂ ಪ್ರವಾಹ ಇರಲಿಲ್ಲ, ಏಕೆಂದರೆ ಅದನ್ನು ಆಗಿನ್ನೂ ಯಾರೂ ಕಂಡುಹಿಡಿದಿರಲಿಲ್ಲ. ಲೆಕ್ಕ ಹೊಂದಲು ಸೋಡಿಯಂ ಪ್ರವಾಹವನ್ನೇ ಒಂದಿಷ್ಟು ಎಳೆದು ಹಿಡಿಯಬೇಕಾಗಿತ್ತು. ಆ ದಶಕದ ಕೊನೆಯ ಹೊತ್ತಿಗೆ ಕ್ಯಾಲ್ಸಿಯಂ ಪ್ರವಾಹ ಪತ್ತೆಯಾದಾಗ, ಮಾದರಿ ಎಲ್ಲಿ ತಪ್ಪಿತ್ತು ಎಂಬುದನ್ನು ಬೆರಳಿಟ್ಟು ತೋರಿಸಬಹುದಾಗಿತ್ತು. ಸಮೀಕರಣಗಳು ಕಾಗದದ ಮೇಲೆ ತೆರೆದೇ ಇದ್ದವು, ಹೊಸ ಸಾಲು ಸೇರಿತು. ತಪ್ಪಿದ ಮಾದರಿಯೂ ಹೀಗೆ ಮುಂದಿನವರಿಗೆ ದಾರಿ ತೋರಿಸಿತು.

ಕೃತಕ ಬುದ್ಧಿಮತ್ತೆ ಬೇರೆ ದಾರಿಯಲ್ಲಿ ನಡೆಯುತ್ತದೆ. ಅದು ಹೃದಯವನ್ನೋ ಯಕೃತ್ತನ್ನೋ ಅರಿಯಲು ಹೋಗದೆ, ಲಕ್ಷಾಂತರ ರೋಗಿಗಳ ದಾಖಲೆಗಳನ್ನು ಓದಿ, ಇಂಥ ಅಂಕಿಗಳಿದ್ದಲ್ಲಿ ಇಂಥ ಪರಿಣಾಮವಾಗುತ್ತದೆ ಎಂಬ ಹೊಂದಾಣಿಕೆಯನ್ನು ಕಲಿಯುತ್ತದೆ. ಹೊಂದಾಣಿಕೆ ಸಾಮಾನ್ಯವಾಗಿ ಸರಿಯಿರುತ್ತದೆ, ಬೆರಗು ಹುಟ್ಟಿಸುವಷ್ಟು ಸರಿಯಿರುತ್ತದೆ. ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ನ್ಯುಮೋನಿಯಾದ ಒಂದು ಪ್ರಸಂಗ ನೆನಪಿಡತಕ್ಕದ್ದು. 1990ರ ದಶಕದ ಅಮೆರಿಕದಲ್ಲಿ, ನ್ಯುಮೋನಿಯಾ ಬಂದವರಲ್ಲಿ ಯಾರಿಗೆ ಸಾವಿನ ಅಪಾಯ ಹೆಚ್ಚು, ಯಾರನ್ನು ಮನೆಗೆ ಕಳಿಸಬಹುದು ಎಂದು ಹೇಳುವ ಹಲವು ಮಾದರಿಗಳನ್ನು ತಯಾರಿಸಿದರು. ಕಂಪ್ಯೂಟರ್ ವಿಜ್ಞಾನಿ ರಿಚ್ ಕರುವಾನಾ ತರಬೇತಿ ಕೊಟ್ಟ ನರಜಾಲ (ನ್ಯೂರಲ್ ನೆಟ್‌ವರ್ಕ್) ಅವುಗಳಲ್ಲೆಲ್ಲ ಹೆಚ್ಚು ನಿಖರವಾಗಿತ್ತು. ಅದೇ ದಾಖಲೆಗಳಿಂದ ಕಲಿತ, ನಿಯಮಗಳನ್ನು ಬಿಡಿಸಿ ತೋರಿಸಬಲ್ಲ ಇನ್ನೊಂದು ಸರಳ ಮಾದರಿಯೂ ಇತ್ತು. ಅದರಲ್ಲಿ ಒಂದು ವಿಚಿತ್ರ ನಿಯಮ ಕಂಡಿತು: ಆಸ್ತಮಾ ಇರುವವರಿಗೆ ನ್ಯುಮೋನಿಯಾದಿಂದ ಸಾಯುವ ಅಪಾಯ ಕಡಿಮೆ!

ದಾಖಲೆ ಸುಳ್ಳು ಹೇಳಿರಲಿಲ್ಲ. ಆಸ್ತಮಾ ರೋಗಿಗೆ ನ್ಯುಮೋನಿಯಾ ಬಂದರೆ ಎಂಥ ವೈದ್ಯನೂ ಗಾಬರಿಯಾಗಿ ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸುತ್ತಿದ್ದ. ಆ ಆರೈಕೆಯಿಂದಲೇ ಅವರು ಬದುಕುತ್ತಿದ್ದರು. ಯಂತ್ರಕ್ಕೆ ಬದುಕಿದ್ದು ಕಂಡಿತು, ಬದುಕಿಸಿದ್ದು ಕಾಣಲಿಲ್ಲ. ಅದರ ಮಾತು ಕೇಳಿ ಆಸ್ತಮಾ ರೋಗಿಗಳನ್ನು ಮನೆಗೆ ಕಳಿಸಿದ್ದರೆ ಹೆಣಗಳು ಬೀಳುತ್ತಿದ್ದವು. ಸರಳ ಮಾದರಿಯಲ್ಲಿ ಆ ನಿಯಮ ಕಣ್ಣಿಗೆ ಬಿತ್ತು. ನರಜಾಲವೂ ಅದನ್ನೇ ಕಲಿತಿರಬೇಕು, ಆದರೆ ಅದು ಬಾಯಿ ಬಿಡದು. ಕರುವಾನಾ ತಮ್ಮ ನರಜಾಲವನ್ನು ರೋಗಿಗಳ ಮೇಲೆ ಬಳಸುವುದು ಬೇಡ ಎಂದರು. ಆಸ್ತಮಾದ ತಪ್ಪೊಂದನ್ನು ತಿದ್ದಬಹುದಿತ್ತು. ಕಾಣದೆ ಉಳಿದ ತಪ್ಪುಗಳು ಎಷ್ಟೋ ಎಂಬುದೇ ಅವರನ್ನು ತಡೆದದ್ದು. ವಿಜ್ಞಾನಿಯೊಬ್ಬ ತನ್ನ ಅತ್ಯುತ್ತಮ ಕೆಲಸವನ್ನು ಹೀಗೆ ತಡೆಹಿಡಿಯುವುದಕ್ಕೆ ದೊಡ್ಡ ಮನಸ್ಸು ಬೇಕು.

ಆ ಸಂಯಮ ಈಗ ತೆಳುವಾಗಿದೆ. ಎಪಿಕ್ ಎಂಬ ಕಂಪನಿಯ ತಂತ್ರಾಂಶ, ರಕ್ತಕ್ಕೆ ನಂಜೇರುವ ಸೆಪ್ಸಿಸ್ ಸ್ಥಿತಿಯನ್ನು ಮುಂದಾಗಿ ಹೇಳುತ್ತದೆಂದು ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಗೆ ಬಂತು. ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮಲ್ಲಿ ದಾಖಲಾದ 27,697 ರೋಗಿಗಳ ಕಡತ ತೆಗೆದು ತಾಳೆ ನೋಡಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದವರಲ್ಲಿ ಮೂರನೇ ಎರಡು ಭಾಗದಷ್ಟು ಜನರನ್ನು ಅದು ಗುರುತಿಸಿಯೇ ಇರಲಿಲ್ಲ. ಇತ್ತ ಸುಳ್ಳು ಎಚ್ಚರಿಕೆಗಳ ಗದ್ದಲವೂ ವಿಪರೀತವಾಗಿತ್ತು. ಯಂತ್ರಕ್ಕೆ ಅಂಕಿ ಉಣಿಸುವ ಉಪಕರಣಗಳೇ ಎಲ್ಲರನ್ನೂ ಒಂದೇ ಸಮ ಅಳೆಯುವುದಿಲ್ಲ ಎಂಬುದು ಇನ್ನೊಂದು ಚಿಂತೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ, ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಮಾಪಕ ಕಪ್ಪು ಚರ್ಮದವರಲ್ಲಿ ಅಪಾಯಕಾರಿ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ತಪ್ಪಿಸಿಕೊಳ್ಳುತ್ತದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಆ ಅಂಕಿಗಳ ಮೇಲೆ ಕಟ್ಟಿದ, ರೋಗಿಯ ಕಂಪ್ಯೂಟರ್ ಪ್ರತಿರೂಪವೆನ್ನುವ ‘ಡಿಜಿಟಲ್ ಅವಳಿ’ ಯಾರ ಅವಳಿ?

ಈ ಪ್ರಶ್ನೆ ನಮಗೆ ದೂರದ್ದಲ್ಲ. ಪುಣೆಯ ಮಧುಮೇಹ ತಜ್ಞ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಭಾವಚಿತ್ರ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದರು. ಎತ್ತರಕ್ಕೆ ತಕ್ಕ ತೂಕವನ್ನು ಹೇಳುವ ಬಿಎಂಐ ಇಬ್ಬರದೂ 22.3. ಮೈಯ ಕೊಬ್ಬು ಯುಡ್ಕಿನ್ನರದು ಶೇ. 9.1, ಯಾಜ್ಞಿಕರದು ಶೇ. 21.2. ಬಿಎಂಐ ಒಂದನ್ನೇ ನೋಡುವ ಮಾದರಿಗೆ ಇವರಿಬ್ಬರೂ ಒಂದೇ ದೇಹ. ನಮ್ಮ ತೆಳ್ಳಗಿನ ಮೈಯೊಳಗೆ ಅಡಗಿದ ಕೊಬ್ಬು ಆ ಮಾದರಿಯ ಲೆಕ್ಕಕ್ಕೆ ಬಾರದು.

ಇದಕ್ಕಿಂತ ಆಳವಾದ ಪಾಠ ಮೈಸೂರಿನಲ್ಲಿದೆ. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕಗಳಲ್ಲಿ ಬರೆದಿಟ್ಟಿತ್ತು. ಬರೆದ ದಾದಿಯರಿಗೆ ಇದು ಮುಂದೊಂದು ದಿನ ವಿಜ್ಞಾನವಾಗುತ್ತದೆ ಎಂಬ ಅರಿವು ಇದ್ದಿರಲಾರದು. ಸಂಶೋಧಕರು 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ತಪಾಸಣೆ ಮಾಡಿ 1996ರಲ್ಲಿ ಪ್ರಕಟಿಸಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಅಥವಾ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಇಟ್ಟಿದ್ದ ಇಂಥದೇ ದಾಖಲೆಗಳು ಹೇಳಿದ್ದಕ್ಕೆ ಹೃದಯದ ಮಟ್ಟಿಗೆ ಇದು ಹೊಂದುತ್ತಿತ್ತು.

ಸಕ್ಕರೆ ಕಾಯಿಲೆಯ ವಿಷಯಕ್ಕೆ ಬಂದಾಗ ದಾರಿ ಕವಲೊಡೆಯಿತು. ಹರ್ಟ್‌ಫರ್ಡ್‌ಶೈರಿನಲ್ಲಿ ಕಡಿಮೆ ತೂಕದ ಕೂಸುಗಳೇ ಮುಂದೆ ಸಕ್ಕರೆ ಕಾಯಿಲೆಗೆ ತುತ್ತಾಗಿದ್ದವು. ಮೈಸೂರಿನಲ್ಲಿ ಹುಟ್ಟುವಾಗ ಗಿಡ್ಡವಾಗಿದ್ದು, ಉದ್ದಕ್ಕೆ ಹೋಲಿಸಿದರೆ ದುಂಡಗಿದ್ದ ಕೂಸುಗಳಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಆ ಕಾಯಿಲೆ ಹೆಚ್ಚಾಗಿ ಬಂದಿತ್ತು. ಇಂಗ್ಲೆಂಡಿನ ದಾಖಲೆಗಳಿಂದ ಕಲಿತ ಯಂತ್ರವೊಂದನ್ನು ಮೈಸೂರಿಗೆ ತಂದಿದ್ದರೆ ಅದು ಹೃದಯದ ವಿಷಯದಲ್ಲಿ ಸರಿಯಾಗಿ ನುಡಿದು ನಂಬಿಕೆ ಗಳಿಸಿ, ಸಕ್ಕರೆಯ ವಿಷಯದಲ್ಲಿ ಅಷ್ಟೇ ಧೈರ್ಯದಿಂದ ತಪ್ಪು ಮಗುವಿನತ್ತ ಬೆರಳು ತೋರಿಸುತ್ತಿತ್ತು. ಮಿಷನ್ ಆಸ್ಪತ್ರೆಯ ಆ ಹಳೆಯ ಪುಸ್ತಕಗಳು ಇಲ್ಲದಿದ್ದರೆ ತಪ್ಪೆಂದು ಹೇಳುವವರು ಯಾರು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇಷ್ಟು ಜನರ ಕಾಯಿಲೆಯನ್ನು ಬೇರೆಯವರ ಅಳತೆಯಿಂದ ಊಹಿಸುವ ಅಪಾಯ ಸಣ್ಣದಲ್ಲ.

ಇದಕ್ಕೆ ಬರುವ ಉತ್ತರವೊಂದಿದೆ, ಅದರಲ್ಲಿ ತೂಕವೂ ಇದೆ. ನಮ್ಮ ವೈದ್ಯರು ಓದುವ ಪಠ್ಯಪುಸ್ತಕಗಳೂ ಪಶ್ಚಿಮದ ದೇಹಗಳಿಂದಲೇ ಬಂದವಲ್ಲವೇ? ತಜ್ಞರೇ ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲಿ ಅರೆಬರೆ ಸರಿಯಿರುವ ಯಂತ್ರವಾದರೂ ಇರಲಿ ಎಂದರೆ ತಪ್ಪೇನು? ಪಠ್ಯದ ಬಗೆಗಿನ ಮಾತು ನಿಜ. ಆದರೆ ರಾಯಚೂರಿನಲ್ಲೋ ಚಾಮರಾಜನಗರದಲ್ಲೋ ಹತ್ತು ವರ್ಷ ರೋಗಿಗಳನ್ನು ಕಂಡ ವೈದ್ಯೆ ಪುಸ್ತಕದ ಮೇಲೆ ತನ್ನ ಅನುಭವದ ತಿದ್ದುಪಡಿ ಬರೆದುಕೊಂಡಿರುತ್ತಾಳೆ. ಎದೆ ಹಿಡಿದುಕೊಂಡು ಬಂದವನು ‘ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಕೊಡಿ ಮೇಡಂ’ ಅಂದರೂ ಆಕೆ ಇಸಿಜಿ ಮಾಡಿಸುತ್ತಾಳೆ. ಒಬ್ಬ ವೈದ್ಯ ತಪ್ಪಿದರೆ ಪಕ್ಕದ ಊರಿನ ವೈದ್ಯ ತಪ್ಪಬೇಕೆಂದಿಲ್ಲ. ಒಂದೇ ಮಾದರಿಯನ್ನು ಸಾವಿರ ಆಸ್ಪತ್ರೆಗಳಲ್ಲಿ ಕೂರಿಸಿದರೆ ಸಾವಿರ ಕಡೆಯೂ ಒಂದೇ ತಪ್ಪು, ಒಂದೇ ಬಗೆಯ ರೋಗಿಯ ಮೇಲೆ ಆಗುತ್ತದೆ.

ವೈದ್ಯಕೀಯ ವಿದ್ಯಾರ್ಥಿಗಳಿಗೆಂದು ಈಗ ಬರುತ್ತಿರುವ ಮಾತನಾಡುವ ಕೃತಕ ರೋಗಿಗಳ ಬಗ್ಗೆಯೂ ಇದೇ ಮಾತು. ಅಭ್ಯಾಸಕ್ಕೆ ಅವು ಒಳ್ಳೆಯವು. ವಿದ್ಯಾರ್ಥಿ ನಾಚಿಕೆಯಿಲ್ಲದೆ ತಪ್ಪಬಹುದು. ಆದರೆ ಕೇಳಿದ್ದಕ್ಕೆಲ್ಲ ಕ್ರಮವಾಗಿ ಉತ್ತರಿಸುವ ರೋಗಿಯೊಡನೆ ಪಳಗಿದವರು, ಅತ್ತೆಯ ಮುಂದೆ ಬಿಳಿಸೆರಗಿನ ವಿಷಯ ಬಾಯಿಬಿಡದ ಸೊಸೆಯನ್ನೂ, ದುಡ್ಡಿಲ್ಲದೆ ಮಾತ್ರೆ ನಿಲ್ಲಿಸಿದ್ದನ್ನು ಮುಚ್ಚಿಡುವ ಮುದುಕನನ್ನೂ ವಾರ್ಡಿನಲ್ಲಿಯೇ ಕಲಿಯಬೇಕು.

ನಿಜವಾದ ಅಪಾಯ ಇನ್ನೊಂದು ಕಡೆಯಿಂದ ಬರುತ್ತಿದೆ. ದಾಖಲೆಗಳು ಸಾಲದಿದ್ದರೆ ಯಂತ್ರದಿಂದಲೇ ರೋಗಿಗಳನ್ನು ಸೃಷ್ಟಿಸೋಣ ಎಂಬ ವಾದ ಈಗ ಗಟ್ಟಿಯಾಗಿ ಕೇಳುತ್ತಿದೆ. ನೂರು ರೋಗಿಗಳ ದಾಖಲೆಯಿಂದ ಅವರನ್ನೇ ಹೋಲುವ ಹತ್ತು ಸಾವಿರ ಕೃತಕ ದಾಖಲೆಗಳನ್ನು ಜನಕ (ಜನರೇಟಿವ್) ಮಾದರಿಗಳು ಕ್ಷಣದಲ್ಲಿ ಬರೆದುಕೊಡುತ್ತವೆ. ರೋಗಿಗಳ ಗುಟ್ಟು ಕಾಯಲು, ತಂತ್ರಾಂಶ ಪರೀಕ್ಷಿಸಲು ಇದು ಉಪಯುಕ್ತ. ಜ್ಞಾನ ಹೆಚ್ಚಿಸಲು ಮಾತ್ರ ಅಲ್ಲ. ಒಂದು ಸೇರು ಹಾಲಿಗೆ ನೀರು ಬೆರೆಸಿ ಹತ್ತು ಸೇರು ಮಾಡಿದರೆ ಪಾತ್ರೆ ತುಂಬುತ್ತದೆ, ಮಗುವಿನ ಹೊಟ್ಟೆಗೆ ಹೋಗುವ ಹಾಲು ಒಂದೇ ಸೇರು. ಆ ನೂರರಲ್ಲಿ ಗಿಡ್ಡಗೆ ದುಂಡಗೆ ಹುಟ್ಟಿದ ಮೈಸೂರಿನ ಕೂಸು ಇಲ್ಲದಿದ್ದರೆ ಹತ್ತು ಸಾವಿರದಲ್ಲೂ ಅದು ಇರುವುದಿಲ್ಲ. ಕೊರತೆಯಿದ್ದ ಜಾಗದಲ್ಲಿ ಈಗ ನಂಬಲರ್ಹವಾಗಿ ಕಾಣುವ ಒಂದು ಮುಖ ಕೂತಿರುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಕೃತಕ ಬುದ್ಧಿಮತ್ತೆಗೆ ಇಲ್ಲಿ ಜಾಗವಿಲ್ಲವೇ? ಇದೆ, ದೊಡ್ಡ ಜಾಗವೇ ಇದೆ. ಇಡೀ ಹೃದಯದ ಮಿಡಿತವನ್ನು ಸಮೀಕರಣಗಳಿಂದ ಬಿಡಿಸಲು ಭಾರೀ ಕಂಪ್ಯೂಟರುಗಳೂ ಗಂಟೆಗಟ್ಟಲೆ ದುಡಿಯಬೇಕು. ಆ ಉತ್ತರಗಳನ್ನು ನೋಡಿ ಕಲಿತ ನರಜಾಲ ಅದೇ ಕೆಲಸವನ್ನು ಸೆಕೆಂಡುಗಳಲ್ಲಿ ಮಾಡಬಲ್ಲದು. ಅನುಮಾನ ಬಂದರೆ ಹಿಂದೆ ಸಮೀಕರಣವಿದೆ, ತಾಳೆ ನೋಡಬಹುದು. ಪ್ರೋಟೀನಿನ ಆಕಾರವನ್ನು ಊಹಿಸುವ ಆಲ್ಫಾಫೋಲ್ಡ್ 2020ರಲ್ಲಿ ಜೀವವಿಜ್ಞಾನಿಗಳನ್ನು ಬೆರಗುಗೊಳಿಸಿತು, 2024ರಲ್ಲಿ ಅದರ ನಿರ್ಮಾತೃಗಳಿಗೆ ನೊಬೆಲ್ ಬಂತು. ಪ್ರೋಟೀನಿನ ಆಕಾರವನ್ನು ಒರೆಗೆ ಹಚ್ಚಲು ಇಂದಿಗೂ ಬಳಸುವ ಮುಖ್ಯ ಸಾಧನಗಳಲ್ಲಿ ಒಂದು ರಾಮಚಂದ್ರನ್ ನಕ್ಷೆ. ಜಿ. ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಮದರಾಸಿನಲ್ಲಿ, ಪರಮಾಣುಗಳು ಒಂದಕ್ಕೊಂದು ಢಿಕ್ಕಿಯಾಗದೆ ಯಾವ ಕೋನಗಳಲ್ಲಿ ಬಾಗಬಹುದು ಎಂದು ಲೆಕ್ಕಹಾಕಿ ಬರೆದದ್ದು ಅದು. ಆಮೇಲೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಜ್ಞಾನದ ವಿಭಾಗವನ್ನು ಕಟ್ಟಿದರು. ಕಲಿತ ಯಂತ್ರದ ಪಕ್ಕದಲ್ಲಿ ಅದು ತಪ್ಪಿದೆಯೇ ಎಂದು ನೋಡಬಲ್ಲ, ಪ್ರಕೃತಿಯ ನಿಯಮದಿಂದ ಹುಟ್ಟಿದ ಇನ್ನೊಂದು ಅಳತೆಗೋಲು ಹೀಗೆ ನಿಂತಿರಬೇಕು. ಸೆಪ್ಸಿಸ್ ಮಾದರಿಯ ಪಕ್ಕದಲ್ಲಿ ಅಂಥದ್ದು ಇರಲಿಲ್ಲ.

ಕಾನೂನಿನ ಬಾಗಿಲು ಈಗಾಗಲೇ ತೆರೆದಿದೆ. ಹೊಸ ಔಷಧಕ್ಕೆ ಪ್ರಾಣಿಪ್ರಯೋಗವೇ ಆಗಬೇಕೆಂಬ ಕಡ್ಡಾಯವನ್ನು ಅಮೆರಿಕ 2022ರ ಡಿಸೆಂಬರಿನಲ್ಲಿ ಸಡಿಲಿಸಿತು. ಭಾರತವೂ 2023ರಲ್ಲಿ ತನ್ನ ಔಷಧ ಪ್ರಯೋಗ ನಿಯಮಗಳನ್ನು ತಿದ್ದಿ ಕಂಪ್ಯೂಟರ್ ಮಾದರಿಗಳಿಗೆ ಅವಕಾಶ ಕೊಟ್ಟಿದೆ. ನಾನು ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಇಲಿ, ನಾಯಿಗಳ ಸಂಕಟ ಒಂದು ಕಾರಣ. ಅವುಗಳ ದೇಹ ನಮ್ಮ ದೇಹಕ್ಕೆ ಸರಿಯಾದ ಸಾಕ್ಷಿಯಲ್ಲ ಎಂಬುದು ಇನ್ನೊಂದು. ಆದರೆ ಮಾದರಿಯನ್ನು ಸಾಕ್ಷಿಯಾಗಿ ತರುವ ಕಂಪನಿ, ಯಾರ ಮೈಯಿಂದ ಅದನ್ನು ಕಲಿಸಲಾಯಿತು, ಎಷ್ಟು ಮಂದಿ, ಯಾವ ವಯಸ್ಸು, ಯಾವ ದೇಶ, ಗಂಡೆಷ್ಟು ಹೆಣ್ಣೆಷ್ಟು ಎಂಬುದನ್ನು ಔಷಧದ ಚೀಟಿಯಷ್ಟೇ ಬಹಿರಂಗವಾಗಿ ಬರೆಯಬೇಕು. ಯಾವ ಪ್ರಶ್ನೆಗೆ ಉತ್ತರಿಸಲು ಅದನ್ನು ಪರೀಕ್ಷಿಸಿದೆಯೋ ಆ ಪ್ರಶ್ನೆಗಷ್ಟೇ ಅದರ ಮಾತಿಗೆ ಬೆಲೆ ಸಲ್ಲಬೇಕು.

ಇತ್ತ ನಮ್ಮ ಕಡೆಯ ಕೆಲಸವೂ ಇದೆ. ಕರ್ನಾಟಕದ ಬಸುರಿಯರ ಕೈಯಲ್ಲಿರುವ ತಾಯಿ ಕಾರ್ಡಿನಲ್ಲಿ ತಾಯಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಕೂಸಿನ ಹುಟ್ಟುತೂಕಕ್ಕೆ ಜಾಗವಿದೆ. 1934ರ ಮಿಷನ್ ಆಸ್ಪತ್ರೆಯ ಪುಸ್ತಕಕ್ಕಿಂತ ಸಾವಿರಪಾಲು ದೊಡ್ಡ ಪುಸ್ತಕ ಅದು. ತಕ್ಕಡಿ ಸರಿಯಿದ್ದು, ಆಶಾ ಕಾರ್ಯಕರ್ತೆಗೂ ದಾದಿಗೂ ಅಳೆಯಲು ಬಿಡುವಿದ್ದು, ಬರೆದದ್ದು ಇಪ್ಪತ್ತು ವರ್ಷದ ನಂತರವೂ ಸಿಗುವಂತಿದ್ದರೆ ಮಾತ್ರ ಅದಕ್ಕೆ ಬೆಲೆ. ಆ ತಾಯಂದಿರ ಒಪ್ಪಿಗೆಯನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಕೇಳಬೇಕು. 2023ರ ವೈಯಕ್ತಿಕ ದತ್ತಾಂಶ ಕಾಯ್ದೆ ಬಂದ ಮೇಲೆ ಇದು ಉಪಕಾರದ ಮಾತಾಗಿ ಉಳಿದಿಲ್ಲ. ಇಂಥ ದಾಖಲೆಗಳನ್ನು ಯಂತ್ರಕ್ಕೆ ಕಲಿಸಲು ಬಳಸುವುದಕ್ಕಿಂತ ಮೊದಲು, ಬಂದ ಯಂತ್ರವನ್ನು ಪರೀಕ್ಷಿಸಲು ಬಳಸಬೇಕೆಂಬುದು ನನ್ನ ಅಭಿಪ್ರಾಯ. ಮಿಷಿಗನ್ನಿನ ವೈದ್ಯರಿಗೆ ಬೇಕಾದದ್ದು ತಮ್ಮ ಆಸ್ಪತ್ರೆಯ ಕಡತಗಳು ಮತ್ತು ಕಂಪನಿಗೆ ಬೇಸರವಾದರೂ ಫಲಿತಾಂಶ ಪ್ರಕಟಿಸುವ ಸ್ವಾತಂತ್ರ್ಯ. ಬೆಂಗಳೂರು, ಹುಬ್ಬಳ್ಳಿ, ಬಳ್ಳಾರಿಯ ವೈದ್ಯಕೀಯ ಕಾಲೇಜುಗಳಲ್ಲಿ ಕಡತಗಳಿವೆ. ತಂತ್ರಾಂಶ ಕೊಳ್ಳುವ ಟೆಂಡರಿನಲ್ಲೇ ಎರಡು ಷರತ್ತು ಸೇರಿಸಬಹುದು: ಮೊದಲು ನಮ್ಮ ಹಿಂದಿನ ಎರಡು ವರ್ಷದ ರೋಗಿಗಳ ಮೇಲೆ ಪರೀಕ್ಷೆಯಾಗಬೇಕು, ಫಲಿತಾಂಶ ಏನೇ ಬಂದರೂ ಅಚ್ಚಾಗಬೇಕು.